ಎಲೆ ಹಾಕುವ ಪದ್ಯ

ಫೆಬ್ರವರಿ 3, ಸೋಮವಾರ

ಸಂಜೆಯ ಬ್ಯಾಚಿನಲ್ಲಿ ಇವತ್ತೂ 'ವುಡ್ ಯು ಮೈಂಡ್'. ಮಸ್ಕತ್‌ಗೆ ಹೊರಟಿರುವ ನಾಲ್ವರು. ಅಲ್ಲಿ ಇವರನ್ನು ಯಾರೂ ಇಷ್ಟು ಮರ್ಯಾದೆಯಿಂದ ಮಾತಾಡಿಸುವುದಿಲ್ಲ ಎಂದು ಗೊತ್ತಿದ್ದೂ ಕಲಿಸುತ್ತೇನೆ. ಸ್ಪೋಕನ್ ಇಂಗ್ಲಿಷ್ ಎಂದರೆ ಮರ್ಯಾದೆ ಎಂದು ನನ್ನ ತಲೆಯಲ್ಲಿ ಇಟ್ಟವರು ಯಾರು? ಕಾನ್ವೆಂಟಿನ ಸಿಸ್ಟರ್‌ಗಳೇ ಇರಬೇಕು.

ಬಿ.ಸಿ. ರೋಡಿನಲ್ಲಿ ಬಂಗುಡೆ ತೆಗೆದುಕೊಂಡು ಮನೆಗೆ ಬಂದರೆ ಹಾಲ್‌ನ ಟೀಪಾಯಿ ಮಾಯ. ಮಾವನ ಕೋಣೆಯಲ್ಲಿತ್ತು. ಅದರ ಮೇಲೆ ಹಳೆಯ ಸ್ಪೂಲ್ ಟೇಪ್ ಮೆಷಿನ್. ನಾನು ಮದುವೆಯಾಗಿ ಬಂದಂದಿನಿಂದ ಅಟ್ಟದಲ್ಲಿ ಗೋಣಿ ಹೊದ್ದು ಕೂತದ್ದು, ಇವತ್ತು ಇಳಿದಿದೆ. ನೆಲದಲ್ಲಿ ಮೊಯಿದಿನಬ್ಬ, ಬಾಯಲ್ಲಿ ಎರಡು ಸ್ಕ್ರೂ. ಮಾವ 'ಮುಂಡಪ್ಪ ಸೌಂಡ್ಸ್' ನಡೆಸುತ್ತಿದ್ದ ಕಾಲದಲ್ಲಿ ಮೈಕ್‌ಸೆಟ್ಟಿನ ಜೀಪು ಓಡಿಸುತ್ತಿದ್ದವರು. ಈಗ ಫರಂಗಿಪೇಟೆಯ ಮಗನ ಅಂಗಡಿಯಲ್ಲಿ ಕೂರುತ್ತಾರೆ. ಬೇಜಾರಾದಾಗಲೆಲ್ಲ ಬಸ್ಸು ಹಿಡಿದು ಇಲ್ಲಿಗೆ.

"ಬೆಲ್ಟ್ ಹೋಗಿತ್ತು. ಗ್ರೈಂಡರಿನದ್ದು ಹಾಕಿದ್ದೇನೆ" ಎಂದರು. ಯಾರ ಗ್ರೈಂಡರ್ ಎಂದು ಕೇಳಲಿಲ್ಲ. ಅಡುಗೆಮನೆಗೆ ಹೋಗಿ ನೋಡಿದೆ. ನಮ್ಮದೇ.

ಟೇಪು ಇರುವುದು ಒಂದೇ. ಡಬ್ಬಿಯ ಮೇಲೆ ಅಗಲ ಟೊಪ್ಪಿಯ ಅಮೆರಿಕದವನೊಬ್ಬ, ಪಕ್ಕದಲ್ಲಿ ಕುದುರೆ. ವರ್ಜಿಲ್ ಟೇಟ್, ಗ್ರೇಟೆಸ್ಟ್ ಹಿಟ್ಸ್. ಬಹರೈನಿನಿಂದ ಮೆಷಿನ್ ಬಂದಾಗ ಜೊತೆಗೆ ಫ್ರೀ ಬಂದದ್ದಂತೆ. ಮಾವ ಅವನನ್ನು 'ಟೊಪ್ಪಿದಾಯೆ', ಟೊಪ್ಪಿಯವ, ಎಂದೇ ಕರೆಯುವುದು. ಅವನ ಮೊದಲ ಹಾಡನ್ನು ಮದುವೆಗಳಲ್ಲಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಾಕುತ್ತಿದ್ದರು. ಒಂದೆರಡು ಮದುವೆಯಲ್ಲಿ ಅಲ್ಲ, ಎಲ್ಲದರಲ್ಲೂ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಅದಕ್ಕೆ 'ಇರೆ ಪಾಡುನ ಪದ' ಎಂದೇ ಹೆಸರು. ಎಲೆ ಹಾಕುವ ಪದ್ಯ. ಅದು ಕೇಳಿದರೆ ಜನ ತಾವಾಗಿ ಎದ್ದು ಕೈ ತೊಳೆಯಲು ಹೋಗುತ್ತಿದ್ದರಂತೆ. ಯಾರೂ ಕರೆಯಬೇಕಾಗಿರಲಿಲ್ಲ.

ಸ್ವಿಚ್ ಹಾಕಿದರು. ಪಿಟೀಲು, ಗಿಟಾರ್, ಆಮೇಲೆ ಜ್ವರ ಬಂದವನಂತೆ ಒಂದು ಗಂಡು ಸ್ವರ. ಬೆಲ್ಟ್ ಸಡಿಲ, ಹಾಗಾಗಿ ನಿಧಾನ. ಐದು ನಿಮಿಷದಲ್ಲಿ ಆಚೆಮನೆಯ ಅಜ್ಜಿ ಕಂಪೌಂಡಿನ ಹತ್ತಿರ ಬಂದು ನಿಂತರು.

"ಎಂತ ಕಾಂತಿ, ಇವತ್ತು ಕಾರ್ಯಕ್ರಮ ಉಂಟಾ? ನಮಗೆ ಹೇಳಿಕೆಯೇ ಇಲ್ಲ!"

ಫೆಬ್ರವರಿ 6

ಮೆಷಿನ್ ಯಾಕೆ ಇಳಿಯಿತು ಎಂದು ಗೊತ್ತಾಯಿತು. ಶಹನಾಝ್ ಬಂದಿದ್ದಳು, ನನ್ನ ಹಳೆಯ ಸ್ಟೂಡೆಂಟ್. ಊರಿನ ಹಳೆಯ ಕಸುಬುಗಳ ಬಗ್ಗೆ ಯೂಟ್ಯೂಬ್ ಚಾನೆಲ್ ಮಾಡಿದ್ದಾಳೆ. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿ ಕೂತಿದ್ದರು.

"ಈ ಪದ್ಯದ ಅರ್ಥ ಎಂತ ಅಂಕಲ್?"

"ಮದುವೆಯದ್ದು. ಆಶೀರ್ವಾದದ ಪದ್ಯ."

"ಇಂಗ್ಲಿಷ್ ಅಲ್ವಾ? ನಿಮಗೆ ಹೇಗೆ ಗೊತ್ತು?"

"ಸ್ವರ ಕೇಳಿದರೆ ಗೊತ್ತಾಗುದಿಲ್ವಾ? ಎಷ್ಟು ಖುಷಿಯಲ್ಲಿ ಹಾಡ್ತಾನೆ! ನಾನು ಈ ಪದ್ಯ ಹಾಕಿ ಎಷ್ಟು ಸಂಸಾರ ಶುರು ಮಾಡಿಸಿದ್ದೇನೆ ಗೊತ್ತುಂಟಾ? ಪೂರಾ ಅರ್ಥ ನನ್ನ ಸೊಸೆ ಹೇಳ್ತಾಳೆ. ಇಂಗ್ಲಿಷ್ ಮೀಡಿಯಂ. ಎಲ್‌ಕೆಜಿಯಿಂದ."

ಕ್ಯಾಮೆರಾ ನನ್ನ ಕಡೆಗೆ ತಿರುಗಿತು. ಸ್ವಲ್ಪ ಟೈಮ್ ಬೇಕು, ಕವಿತೆಯ ಭಾಷೆ ಹಾಗೆ ಸುಲಭವಲ್ಲ ಎಂದೆ. ಎರಡನೆಯದು ಸುಳ್ಳಲ್ಲ. ಆದರೆ ನಿಜವೆಂದರೆ ನನಗೆ ತಿಳಿದದ್ದು 'ಡಾಗ್' ಎಂಬ ಒಂದೇ ಪದ.

ಫೆಬ್ರವರಿ 9, ಭಾನುವಾರ

ಮೂರು ದಿನ ಕೇಳಿದೆ. ಡಾಗ್. ಬಹುಶಃ ಡೋರ್. ಇಷ್ಟು ವರ್ಷ ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆದವಳು ನಾನು!

ಪ್ರಾಪ್ತಿಯ ಹತ್ತಿರ ಕೊನೆಗೆ ಬಾಯಿಬಿಟ್ಟೆ. ಮಗಳು ನಗಲಿಲ್ಲ, ಅದು ಅವಳ ದೊಡ್ಡ ಗುಣ. ಫೋನಿನಲ್ಲಿ ರೆಕಾರ್ಡ್ ಮಾಡಿ, ಯಾವುದೋ ಆ್ಯಪಿನಲ್ಲಿ ಸ್ಪೀಡ್ ಸರಿ ಮಾಡಿ ಕೊಟ್ಟಳು. ಟೊಪ್ಪಿದಾಯೆಯ ಜ್ವರ ಬಿಟ್ಟಿತು. ಇಯರ್‌ಫೋನ್ ಹಾಕಿಕೊಂಡು ಪೆನ್ನು ಹಿಡಿದು ಕೂತೆ.

ಈ ಪುಸ್ತಕದಲ್ಲಿ ಬರೆಯಬಹುದು. ಪ್ರಾಪ್ತಿಗೆ ಕೈಬರಹದ ಕನ್ನಡ ಓದಲು ಆಗುವುದಿಲ್ಲ. ಇದಕ್ಕಿಂತ ಗಟ್ಟಿ ಬೀಗ ಬೇರೆ ಇಲ್ಲ.

ಹಾಡು ಹೀಗೆ: ಅವನು ಹೊಲದಿಂದ ಮನೆಗೆ ಬರುತ್ತಾನೆ. ಹೆಂಡತಿ ಇಲ್ಲ. ಟ್ರ್ಯಾಕ್ಟರ್ ಮಾರುವವನ ಜೊತೆ ಹೋಗಿದ್ದಾಳೆ. 'ಹೋಗು ಡಾರ್ಲೀನ್, ಹೋಗು. ಬಾಗಿಲು ಎಳೆದುಕೊಂಡು ಹೋಗು, ನಾಯಿಯನ್ನೂ ಕರೆದುಕೊಂಡು ಹೋಗು.' ಪಲ್ಲವಿ ಅಷ್ಟೇ. ಅದನ್ನು ಐದು ಸಲ ಹೇಳುತ್ತಾನೆ. ಪಿಟೀಲು ಕುಣಿಯುತ್ತದೆ.

ಇದು ಮೂರು ತಾಲೂಕಿನ ಮದುಮಕ್ಕಳಿಗೆ ನಮ್ಮ ಮನೆಯ ಆಶೀರ್ವಾದ.

ಫೆಬ್ರವರಿ 10

ನಮ್ಮವರು, ಮನೀಷ್, ಮಸ್ಕತ್‌ನಿಂದ ಫೋನ್ ಮಾಡಿದಾಗ ಹೇಳಿದೆ. ಬಹಳ ಹೊತ್ತು ನಕ್ಕರು. ಆಮೇಲೆ, "ಅಪ್ಪನಿಗೆ ಹೇಳಬೇಡ ಮಾರಾಯ್ತಿ. ಹೂವು, ಚಂದ್ರ ಅಂತ ಏನಾದರೂ ಹೇಳು."

ಹೇಳಬಹುದು. ಆದರೆ ಶಹನಾಝ್ ಅದನ್ನು ವಿಡಿಯೋದ ಕೆಳಗೆ ಹಾಕುತ್ತಾಳೆ. ಇಂಗ್ಲಿಷ್ ಬಲ್ಲವರು ಕೇಳುತ್ತಾರೆ. ಮುದುಕರನ್ನು ನೋಡಿ ಊರೆಲ್ಲ ನಗುವ ಮೊದಲು ಮನೆಯವರು ಹೇಳುವುದು ಮೇಲಲ್ಲವೇ? ಅಥವಾ ಇದು ನನ್ನ ಪಾಠ ಮಾಡುವ ಚಟವೋ? ತಪ್ಪು ಕಂಡರೆ ಕೆಂಪು ಪೆನ್ನು ತಾನಾಗಿ ಏಳುತ್ತದೆ.

ಇನ್ನೊಂದು ಕಾರಣವೂ ಉಂಟು, ಹೇಳದಿರಲು. ಹೆಂಡತಿ ಬಿಟ್ಟುಹೋದ ಹಾಡು. ಈ ಮನೆಯಲ್ಲಿ.

ಅತ್ತೆ ಬಿಟ್ಟುಹೋದವರಲ್ಲ. ಬಾಣಂತನಕ್ಕೆ ಹೋದವರು. ನಾದಿನಿ ದೀಕ್ಷಿತಾಗೆ ಡಾಕ್ಟರು ಬೆಡ್‌ರೆಸ್ಟ್ ಹೇಳಿದ್ದರಿಂದ ಅವಳು ತವರಿಗೆ ಬರುವ ಬದಲು ಅತ್ತೆಯೇ ವೇಣೂರಿಗೆ ಹೋದರು. ಆ ಮಗು ಭವಿತ್ ಈಗ ಸೆಕೆಂಡ್ ಪಿಯುಸಿ.

ಜಗಳ ಆಗಲಿಲ್ಲ. ಬಾಣಂತನ ಮುಗಿದ ಮೇಲೆ ಮನೆಯ ಯಜಮಾನ ಹೋಗಿ ಕರೆದು ತರಬೇಕು, ಅದು ಕ್ರಮ. ಮಾವನಿಗೆ ಆ ದಿನ ಮೈಕ್‌ಸೆಟ್ಟಿನ ಬುಕಿಂಗ್ ಇತ್ತು. ಜೀಪು ಕಳಿಸಿದರು. ಅತ್ತೆ ಜೀಪನ್ನು ಖಾಲಿ ವಾಪಸು ಕಳಿಸಿದರು. ಅವಳಾಗಿ ಬರಲಿ ಎಂದು ಇವರು. ಕರೆಯಲು ಬರಲಿ ಎಂದು ಅವರು. ಹಬ್ಬಕ್ಕೆ ನಾನು ಹೋಗಿ ಬರುತ್ತೇನೆ. ಯಾರಾದರೂ ಕೇಳಿದರೆ ಮಾವ ಇವತ್ತಿಗೂ ಹೇಳುವುದು: "ಬಾಣಂತನಕ್ಕೆ ಹೋಗಿದ್ದಾಳೆ."

ಫೆಬ್ರವರಿ 12, ಮಧ್ಯಾಹ್ನ

ಹೇಳಿಬಿಟ್ಟೆ. ಊಟ ಆಗಿ, ಎಲೆಯಡಿಕೆ ಬಾಯಿಗೆ ಹೋದ ಮೇಲೆ.

ಮಾವ ಮೆಷಿನ್ ಕಡೆ ತಿರುಗಿದರು.

"ಇವರು ಟ್ರ್ಯಾಕ್ಟರ್ ತಗೊಂಡಿದ್ದರಾ ಅವನಿಂದ?"

"ಅದು ಪದ್ಯದಲ್ಲಿ ಇಲ್ಲ ಮಾವ."

"ನಾಯಿ?"

"ನಾಯಿಯೂ ಹೋಯಿತು."

"ನಾಯಿಯನ್ನು ಯಾಕೆ ಬಿಟ್ಟ ಇವ?" ಆಮೇಲೆ: "ಖುಷಿಯಲ್ಲಿ ಹಾಡ್ತಾನಲ್ಲ ಮಗಾ."

"ಆ ಕಡೆಯವರು ದುಃಖವನ್ನೂ ಹಾಗೆಯೇ ಹಾಡುವುದು."

ಚಹಾ ಮುಟ್ಟಲಿಲ್ಲ.

ಫೆಬ್ರವರಿ 14

ತಪ್ಪು ಮಾಡಿದೆ. ಎರಡು ದಿನದಿಂದ ಮಾವ ಊರಿನ ಮುರಿದ ಮದುವೆಗಳನ್ನೆಲ್ಲ ನೆನಪು ಮಾಡುತ್ತಿದ್ದಾರೆ. ಹಲ್ಲುಜ್ಜುವಾಗಲೂ.

"ಪುಂಜಾಲಕಟ್ಟೆಯ ಆ ಹುಡುಗಿ ಆರೇ ತಿಂಗಳಲ್ಲಿ ತವರಿಗೆ ಬಂದಳಲ್ಲ. ಅದು ನಾನೇ."

"ಅವಳ ಗಂಡ ಕುಡಿಯುತ್ತಿದ್ದ ಮಾವ. ನೀವೇ ಹೇಳಿದ್ದು."

"ಕುಡಿಯುವವರು ಎಲ್ಲ ಕಡೆ ಇದ್ದಾರೆ. ಪದ್ಯ ನನ್ನದು."

ಮೊಯಿದಿನಬ್ಬನನ್ನು ಕರೆಸಿದೆ, ಸಮಾಧಾನ ಹೇಳಲು. ಅವರು ಹೇಳಿದ ಸಮಾಧಾನ: "ನನ್ನ ಮದುವೆಗೂ ಅದನ್ನೇ ಹಾಕಿದ್ದಲ್ವಾ ಮುಂಡಪ್ಪಣ್ಣ? ನಮ್ಮವಳು ಒಂದು ದಿನಕ್ಕಾದರೂ ಎಲ್ಲಿಗಾದರೂ ಹೋಗಿದ್ದರೆ ಹೇಳು. ನಾನು ಕಾದದ್ದೇ ಬಂತು."

ಮಾವ ನಗಲಿಲ್ಲ. "ಭಾನುವಾರ ಕಾರು ತೆಗಿ ಕಾಂತಿ. ಹೋಗಿ ನೋಡುವ. ಎಷ್ಟು ಮನೆ ಉಳಿದಿದೆ ಅಂತ."

"ಎಲ್ಲ ಮನೆಗೆ ಹೋದರೆ ಬರುವ ಎಲೆಕ್ಷನ್‌ಗೆ ನಿಲ್ಲಬಹುದು" ಎಂದರು ಮೊಯಿದಿನಬ್ಬ. ಆದರೆ ಬರುತ್ತಾರಂತೆ. ಹಿಂದಿನ ಸೀಟು ಅವರದ್ದು.

ಫೆಬ್ರವರಿ 16, ಭಾನುವಾರ, ರಾತ್ರಿ ಎಂಟು

ಸೊಂಟ ಹಿಡಿದುಕೊಂಡಿದೆ. ಆದರೆ ಇವತ್ತೇ ಬರೆಯಬೇಕು.

ಮೊದಲು ಸಿದ್ಧಕಟ್ಟೆ, ಮಾವ ಪದ್ಯ ಹಾಕಿದ ಗಂಡಹೆಂಡಿರ ಮನೆ. ಕೊಗ್ಗಣ್ಣ ಅಂಗಳದಲ್ಲಿ ಒಬ್ಬರೇ ಕೂತು ಪೇಪರ್ ಓದುತ್ತಿದ್ದರು. ಮಾವ ಕಾರಿನಿಂದ ಇಳಿಯುವ ಮೊದಲೇ, "ಸುಂದರಿ ಎಲ್ಲಿ?"

"ಹೋದಳು."

ಮಾವ ಕಾರಿನ ಬಾಗಿಲು ಹಿಡಿದುಕೊಂಡರು.

"ಯಾರ ಜೊತೆ?"

"ಸಂಘದ ಹೆಂಗಸರ ಜೊತೆ. ವಾರದ ಮೀಟಿಂಗ್. ಯಾಕೆ, ಎಂತ ಆಯ್ತು?"

ಮಾವನಿಗೆ ನಂಬಿಕೆ ಬರಲಿಲ್ಲ. ಸುಂದರಿ ಬರುವವರೆಗೆ ಕೂತೆವು. ಬಂದವರು ಮಾವನ ಮುಖ ನೋಡಿ, "ಯಾರು ತೀರಿಹೋದದ್ದು?" ಎಂದು ಕೇಳಿದರು. ಎಳನೀರು ಕುಡಿದು ಹೊರಟೆವು. "ಒಂದು ಉಳಿದಿದೆ" ಎಂದರು ಮಾವ.

ಮೂಡುಬಿದಿರೆಗೆ ತಲುಪುವಾಗ ಹನ್ನೊಂದೂವರೆ. ಶಿವಸುಬ್ರಹ್ಮಣ್ಯರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ರಿಟೈರ್ ಆದವರು. ಅವರ ಮದುವೆಗೂ ಮಾವನದ್ದೇ ಮೈಕ್. ಹೆಂಡತಿ ತುಂಗಾ ಒಳಗೆ ಇದ್ದಾರೆಂದು ಖಚಿತವಾದ ಮೇಲೆ ಮಾವ ಚಪ್ಪಲಿ ಕಳಚಿದರು. ಎಲ್ಲ ಹೇಳಿದರು. ಕೈ ಮುಗಿಯುವುದೊಂದು ಬಾಕಿ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನನಗೆ ಆವತ್ತೇ ಗೊತ್ತಿತ್ತು."

"ಗೊತ್ತಿತ್ತಾ! ಮತ್ತೆ ಯಾಕೆ ಹೇಳಲಿಲ್ಲ?"

"ಹೇಳುವ ಅಂತಲೇ ಎದ್ದೆ. ಅಷ್ಟರಲ್ಲಿ ಎಲೆ ಹಾಕಿದರು. ಮುಹೂರ್ತ ತಡವಾಗಿ ಬೆಳಗ್ಗಿನಿಂದ ಉಪವಾಸ. ಆಕ್ಷೇಪ ಎತ್ತಿದರೆ ಊಟ ಇನ್ನೂ ಒಂದು ಗಂಟೆ ಮುಂದೆ ಹೋಗ್ತಿತ್ತು."

ತುಂಗಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಎಂತ ಹೇಳ್ತಾನೆ ಆ ಪದ್ಯದಲ್ಲಿ?"

"ಹೋಗು ಅಂತಾನೆ."

"ಹೋಗುದು ಎಲ್ಲಿಗೆ? ಇವರ ಬಿಪಿ ಮಾತ್ರೆ ಯಾವ ಡಬ್ಬಿಯಲ್ಲಿ ಉಂಟು ಅಂತ ಇವರಿಗೇ ಗೊತ್ತಿಲ್ಲ." ಲೋಟ ಇಡುತ್ತ ಮಾವನ ಕಡೆ ತಿರುಗಿದರು. ಅವರಿಗೆ ಏನೂ ಗೊತ್ತಿಲ್ಲ, ಪಾಪ, ಮರ್ಯಾದೆಗೆ ಕೇಳಿದ್ದು: "ನಿಮ್ಮ ಮನೆಯವರು ಹುಷಾರಿದ್ದಾರಾ? ಕರಕೊಂಡು ಬರಬಹುದಿತ್ತು."

ಮಾವನ ಬಾಯಿಯಿಂದ ತಾನಾಗಿ ಬಂತು. "ಬಾಣಂತನಕ್ಕೆ ಹೋಗಿದ್ದಾಳೆ."

"ಓ! ಒಳ್ಳೆಯದಾಯ್ತು. ಮಗು ಗಂಡಾ, ಹೆಣ್ಣಾ?"

ಫ್ಯಾನ್ ತಿರುಗುತ್ತಿತ್ತು.

"ಗಂಡು" ಎಂದರು ಮೊಯಿದಿನಬ್ಬ. "ಮೀಸೆ ಬಂದಿದೆ."

ನಾನು ಪಾನಕದ ಲೋಟದೊಳಗೆ ಮುಖ ಇಟ್ಟೆ. ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಬಂತು. ಮಾವನ ಕಿವಿ ಕೆಂಪಾಗಿತ್ತು. ಅವರನ್ನು ಹಾಗೆ ನಾನು ಯಾವತ್ತೂ ಕಂಡಿಲ್ಲ.

ಕಾರು ಹತ್ತಿದೆವು. ಬಂದ ದಾರಿಗೇ ಇಂಡಿಕೇಟರ್ ಹಾಕಿದೆ.

"ಆ ಕಡೆ ಅಲ್ಲ" ಎಂದರು ಮಾವ. "ವೇಣೂರು ರೋಡು."

ಹಿಂದಿನ ಸೀಟಿನಲ್ಲಿ ಮೊಯಿದಿನಬ್ಬ ಮೊದಲ ಸಲ ಸೀಟ್‌ಬೆಲ್ಟ್ ಹುಡುಕಿದರು.

ಅತ್ತೆ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಅಲ್ಲಿ ಹಿತ್ತಲು ತುಂಬ ಗಿಡ ಮಾಡಿದ್ದಾರೆ. ಪೇಟೆಯ ಹೂವಿನಂಗಡಿಗೆ ದಿನಾ ಇವರದ್ದೇ. ದೀಕ್ಷಿತಾ, ಭವಿತ್ ಯಾರೂ ಇರಲಿಲ್ಲ. ಮಾವನನ್ನು ನೋಡಿದರು. ಬೆರಳು ನಿಲ್ಲಲಿಲ್ಲ.

"ಬನ್ನಿ. ಕಾರು ಕೆಟ್ಟಿತಾ?"

"ಇಲ್ಲ. ಈ ದಾರಿಯಲ್ಲಿ ಹೋಗ್ತಾ ಇದ್ದೆವು."

"ಈ ದಾರಿ ಎಲ್ಲಿಗೆ ಹೋಗ್ತದೆ? ನಮ್ಮ ಗೇಟಿನಲ್ಲಿ ಮುಗೀತದೆ."

ಮಾವ ಕೂತರು. ಹಾಡಿನ ಕಥೆ ಹೇಳಿದರು. ಟ್ರ್ಯಾಕ್ಟರ್, ಬಾಗಿಲು, ನಾಯಿ. ಅತ್ತೆ ಹೂವಿನ ಮೇಲೆ ಕಣ್ಣಿಟ್ಟು ಕೇಳಿದರು.

"ನಮ್ಮ ಮದುವೆಗೂ ಹಾಕಿದ್ದೀರಿ."

"ಹಾಕಿದ್ದೆ. ಅದಕ್ಕೇ—"

"ಹಾಕಿ ಎಲ್ಲಿಗೆ ಹೋದಿರಿ?"

"ಆಂಪ್ಲಿಫೈಯರ್ ಬಿಸಿ ಆಗಿತ್ತು."

"ಹೌದು. ಮದುಮಗನೇ ಮೈಕಿನವ. ನನ್ನ ಪಕ್ಕದ ಎಲೆಗೆ ಬಡಿಸಿದ್ದು ಬಡಿಸಿದ ಹಾಗೇ. ಹಂತಿಯಲ್ಲಿ ಊಟಕ್ಕೆ ಕೂತವರೆಲ್ಲ ನನ್ನ ಮುಖ ನೋಡ್ತಾರೆ. ನೀವು ಕೈ ಹಾಕದೆ ನಾನು ಹೇಗೆ ಊಟ ಶುರು ಮಾಡುದು? ಪಾಯಸ ಬಂತು, ಹೋಯ್ತು. ನೀವು ಬರಲಿಲ್ಲ." ದಾರ ಹಲ್ಲಿನಲ್ಲಿ ಕಡಿದರು. "ಪದ್ಯದ ಅರ್ಥ ನನಗೆ ಎಂತಕ್ಕೆ? ಹಾಕಿದವ ಊಟಕ್ಕೆ ಬರಲಿಲ್ಲ. ಅಷ್ಟು ಅರ್ಥ ನನಗೆ ಆವತ್ತೇ ಆಗಿದೆ."

ಮಾವ ತಲೆ ತಗ್ಗಿಸಿದರು.

"ಆಮೇಲೆ ಕರೆಯಲಿಕ್ಕೆ ಜೀಪು ಕಳಿಸಿದಿರಿ. ಹಿಂದೆ ನಾಲ್ಕು ಹಾರ್ನ್ ಸ್ಪೀಕರ್. ನಾನು ಅದರ ನಡುವೆ ಕೂರಬೇಕಿತ್ತಾ?"

"ನಾನು ಕುಶನ್ ಹಾಕಿದ್ದೆ ಅಕ್ಕ" ಎಂದರು ಮೊಯಿದಿನಬ್ಬ, ಅಂಗಳದಿಂದ.

"ನೀನು ಸುಮ್ಮನಿರು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ."

ಅತ್ತೆ ಇನ್ನೊಂದು ಹಿಡಿ ಮೊಗ್ಗು ತೆಗೆದುಕೊಂಡರು. ನಾನು ಮಾತಾಡಬೇಕೇ? ಇಬ್ಬರ ನಡುವೆ ತರ್ಜುಮೆ ಮಾಡುವುದೇ ನನ್ನ ಕೆಲಸ ಎಂದು ನನಗೆ ಯಾಕೆ ಅನಿಸುತ್ತದೆ? ತುಟಿ ಕಚ್ಚಿ ಕೂತೆ.

ಮಾವ ಗಂಟಲು ಸರಿಮಾಡಿಕೊಂಡರು. "ಹಾಗಾದರೆ... ಎಂತ ಮಾಡುವ?"

"ಮಾಡುವುದೇನು? ಕಾರು ಕೆಟ್ಟಿಲ್ಲ ಅಂದಿರಲ್ಲ."

ಊಟ ಮಾಡಿಸಿಯೇ ಕಳಿಸಿದರು, ಅದು ಬೇರೆ. ಮೂವರಿಗೂ ಬಡಿಸಿದರು. ಮಾವ ಎಲೆ ಮೊದಲ ಸಲ ಕಂಡವರ ಹಾಗೆ ಕೂತು ಎಲ್ಲ ಉಂಡರು.

ಪುಂಜಾಲಕಟ್ಟೆ ದಾಟುವಾಗ ಕೇಳಿದರು: "ಬರ್ತೇನೆ ಅಂದಳಾ?"

"ನೀವು ಕರೆಯಲೇ ಇಲ್ಲವಲ್ಲ ಮಾವ."

"ಕರೆದೆನಲ್ಲ!"

"ಯಾವಾಗ?"

"ಎಂತ ಮಾಡುವ ಅಂತ ಕೇಳಿದೆ."

ಮೊಯಿದಿನಬ್ಬ ಹಿಂದಿನಿಂದ ಒಂದು ದೀರ್ಘ ಉಸಿರು ಬಿಟ್ಟರು. "ಯಾ ಅಲ್ಲಾ."

ಫೆಬ್ರವರಿ 21

ವಿಡಿಯೋ ಬಂತು. ಅರ್ಥ ಹಾಕಬೇಡ ಎಂದು ಶಹನಾಝ್‌ಗೆ ಮಾವನೇ ಹೇಳಿದ್ದರು. ಕೆಳಗಿನ ಕಮೆಂಟ್‌ಗಳನ್ನು ಓದಿದೆ. 'ಕೇಳಿ ಹಸಿವಾಯಿತು.' 'ಹೋಳಿಗೆಯ ಪರಿಮಳ ಬಂತು.' 'ನಮ್ಮ ಅಜ್ಜ ಹಾಸಿಗೆಯಿಂದ ಎದ್ದು ಕೈ ತೊಳೆದರು.' ಕುವೈತ್, ದುಬೈ, ಮುಂಬೈ, ಎಲ್ಲಿಂದಲೋ. ಒಬ್ಬರಾದರೂ ಅರ್ಥ ಕೇಳಿದವರಿಲ್ಲ.

ಮಾವನಿಗೆ ಓದಿ ಹೇಳಿದೆ. ಮೂರು ತಾಲೂಕಿನ ಸಂಸಾರಗಳ ಚಿಂತೆ ಅವರಿಗೆ ಬಿಟ್ಟುಹೋದ ಹಾಗಿದೆ. "ಹೂಂ" ಎಂದರು. ಆಮೇಲೆ, "ಪಾಯಸ ಎಂತದ್ದು ಇತ್ತು ಅಂತ ಹೇಳಲಿಲ್ಲ ಅವಳು."

ಫೆಬ್ರವರಿ 27

ಅತ್ತೆಯ ಫೋನು. ಮಾಮೂಲಿಯಾಗಿ ಮಾಡುವವರಲ್ಲ. ಶಿವರಾತ್ರಿ ಹೇಗಾಯಿತು, ಪ್ರಾಪ್ತಿಯ ಪರೀಕ್ಷೆ ಯಾವಾಗ. ಆಮೇಲೆ:

"ಕಾಂತಿ, ಅಲ್ಲಿ ಬಾವಿಯ ಹತ್ತಿರ ಈಗಲೂ ಬೆಳಿಗ್ಗೆಯ ಬಿಸಿಲು ಬರ್ತದಾ?"

"ಬರುತ್ತದೆ ಅತ್ತೆ. ಆದರೆ ಅಲ್ಲಿ ಹಳೆಯ ಸ್ಪೀಕರ್, ಕಂಬ ಎಲ್ಲ ಉಂಟು."

"ಹಾಗೆ ಕೇಳಿದ್ದು. ಮಲ್ಲಿಗೆ ಗಿಡಕ್ಕೆ ಬಿಸಿಲು ಬೇಕು." ಇಟ್ಟರು.

ಮಾವನಿಗೆ ಹೇಳಬೇಕೇ, ಬೇಡವೇ? ಹೋದ ಸಲ ಹೇಳಿ ಏನಾಯಿತೆಂದು ನೋಡಿದ್ದೇನೆ. ಹೇಳಿದೆ. ಇಷ್ಟೇ: ಅತ್ತೆ ಬಿಸಿಲು ಕೇಳಿದರು.

ಸಂಜೆ ಬ್ಯಾಚ್ ಮುಗಿಸಿ ಬರುವಾಗ ಬಾವಿಯ ಹತ್ತಿರ ಗುಜರಿಯವನ ಟೆಂಪೋ. 'ಮುಂಡಪ್ಪ ಸೌಂಡ್ಸ್' ಬೋರ್ಡು ಸಮೇತ ಎಲ್ಲ ಏರಿತ್ತು. ಎಪ್ಪತ್ತೆಂಟರ ಮುದುಕರು ನೆಲ ಗುಡಿಸುತ್ತಿದ್ದರು.

ಮಾರ್ಚ್ 1, ಶನಿವಾರ

ನಾಳೆ ವೇಣೂರಿಗೆ ಹೋಗುವುದಂತೆ. ನಾನು ಓಡಿಸಬೇಕು, ಆದರೆ ಗೇಟಿನ ಹೊರಗೆ ಕಾರಿನಲ್ಲೇ ಕೂರಬೇಕು. ಮೊಯಿದಿನಬ್ಬ ಬರಬಾರದು. ಅವರಿಗೆ ಬೇಸರವಾಗಿದೆ. "ಜೀಪು ಖಾಲಿ ತಂದದ್ದಕ್ಕೆ ಇಷ್ಟು ವರ್ಷ ಹೇಳಿಸಿಕೊಂಡವ ನಾನು, ಕೊನೆಯ ಸೀನಿಗೆ ಟಿಕೆಟ್ ಇಲ್ಲ."

ಮಾವ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರು. ಕಿವಿಗೆ ಬಿತ್ತು, ಕೇಳಿದ್ದಲ್ಲ. "ಲೋಲಾಕ್ಷಿ... ಹಲೋ... ಲೋಲಾಕ್ಷಿ." ಕೆಮ್ಮು. "ಮನೆಗೆ ಹೋಗುವ." ಮತ್ತೆ. "ಬಾ, ಮನೆಗೆ ಹೋಗುವ." ಮೂರನೆಯ ಸಲ ಸ್ವರ ಸ್ವಲ್ಪ ಸಣ್ಣದಾಯಿತು. ನನಗೆ ಅದೇ ಒಳ್ಳೆಯದೆನಿಸಿತು. ತಿದ್ದಲಿಲ್ಲ.

ಮಾರ್ಚ್ 2, ಬೆಳಿಗ್ಗೆ 6.40

ಅವಳು ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. 'ಅವಳು' ಎಂದು ಬರೆದೆ, ಅತ್ತೆಯನ್ನು. ಯಾಕೋ ಇವತ್ತು ಹಾಗೆ ಬಂತು. ಬಾರದಿದ್ದರೆ ಈ ಮನುಷ್ಯನನ್ನು ವಾಪಸು ಕರೆದು ತರುವುದು ಹೇಗೆ? ದಾರಿಯುದ್ದಕ್ಕೂ ಏನು ಮಾತಾಡಲಿ? ಬಂದರೆ ಮುಂದಿನ ಸೀಟು ಯಾರಿಗೆ? ಗಿಡಗಳ ಕುಂಡ ಡಿಕ್ಕಿಯಲ್ಲಿ ಹಿಡಿಯುತ್ತದೆಯೇ, ಡಿಕ್ಕಿಯಲ್ಲಿರುವ ನನ್ನ ಪುಸ್ತಕಗಳನ್ನು ಈಗಲೇ

ಹಾರ್ನ್. ಮಾವ ಕಾರಿನಲ್ಲಿ ಕೂತಾಗಿದೆ. ಇಷ್ಟು ವರ್ಷ ಕೂತಲ್ಲೇ ಕೂತವರಿಗೆ ನಾನೊಂದು ಸಾಲು ಮುಗಿಸುವಷ್ಟು ಹೊತ್ತು